ಕರಟದ ಮನೆಯ ಸದ್ದು

ನಮ್ಮೂರಲ್ಲಿ ಪಕ್ಕದ ಮನೆಯವರ ಜೊತೆ ಜಗಳ ಆಡುವುದು ದಂಡ. ಬೆಳಿಗ್ಗೆ ಶುರುವಾದ ಜಗಳ ಕಾವೇರುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಊಟ ಮಾಡಿ ಒಂದು ಜೊಂಪು ತೆಗೆದು ಹೊರಗೆ ಬಂದರೆ ಪಕ್ಕದ ಮನೆಯೇ ಬೇರೆ. ಬೈಯಬೇಕಾದವನು ಎಲ್ಲೋ ಕೆರೆಯಾಚೆ ಹೋಗಿರುತ್ತಾನೆ, ಅವನ ಜಾಗದಲ್ಲಿ ಯಾರೋ ಸಂಭಾವಿತರು ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿರುತ್ತಾರೆ. ಬಿಸಿಲು ಇಳಿಯುವ ಹೊತ್ತಿಗೆ ನಮ್ಮೂರಿನ ಬೀದಿಗಳು ಜಾಗ ಬದಲಾಯಿಸುತ್ತವೆ. ನಮ್ಮ ತಾತನ ಕಾಲದಲ್ಲೂ ಹಾಗೇ ಇತ್ತು. ಮೊಬೈಲಿನಲ್ಲಿ ದಾರಿ ಹೇಳುವ ಹೆಂಗಸು ನಮ್ಮೂರಿನ ಮಟ್ಟಿಗೆ ಬಾಯಿ ಮುಚ್ಚಿಕೊಂಡಿದ್ದಾಳೆ.

ಹಾಗಾಗಿ ಮನೆಗೆ ವಾಪಸ್ಸು ಬರುವುದು ಇಲ್ಲಿ ಕಿವಿಯ ಕೆಲಸ. ಒಂದೊಂದು ಮನೆಗೂ ಒಂದೊಂದು ಸದ್ದಿದೆ. ದೀಪ ಹಚ್ಚುವ ಹೊತ್ತಿಗೆ ಮನೆಯವರೊಬ್ಬರು ಹೊಸ್ತಿಲಾಚೆ ನಿಂತು ಆ ಸದ್ದು ಮಾಡಬೇಕು, ಹೊರಗೆ ಹೋದವರು ಅದನ್ನು ಹಿಡಿದು ಬರಬೇಕು. ಕ್ಷೌರದಂಗಡಿಯವರ ಮನೆಯಲ್ಲಿ ಕತ್ತರಿ ಆಡಿಸುತ್ತಾರೆ. ಜುಲೇಖಾಬಿಯ ಮನೆಯದು ಸೈಕಲ್ ಗಂಟೆ. ಹೊಸದಾಗಿ ಬಂದ ಮೇಷ್ಟ್ರೊಬ್ಬರು ಶೋಕಿಗೆ ಟೇಪ್ ರೆಕಾರ್ಡರ್ ಇಟ್ಟರು, ಕರೆಂಟು ಹೋದ ದಿನ ಅವರ ಹೆಂಡತಿ ಮಕ್ಕಳು ಇನ್ಯಾರದೋ ಮನೆಯಲ್ಲಿ ಉಂಡು ಮಲಗಿದರು. ನಮ್ಮ ಮನೆಯದು ಜಾಗಟೆ. ಮುತ್ತಾತನ ಕಾಲದ್ದು, ಅಪ್ಪಟ ಕಂಚು. ನನ್ನ ಹಿಟ್ಟಿನ ಗಿರಣಿ ಮನೆಯ ಮುಂಭಾಗದಲ್ಲೇ ಇದೆ. ಸಂಜೆಯಾಗುತ್ತಲೇ ಮೋಟಾರು ನಿಲ್ಲಿಸಿ, ಮೈಮೇಲಿನ ಹಿಟ್ಟು ಕೊಡವಿಕೊಂಡು, ನಾನೇ ಜಾಗಟೆ ಹೊಡೆಯುತ್ತಿದ್ದೆ. ಊರಿನ ಆಚೆ ಕೊನೆಗೂ ಕೇಳಿಸುತ್ತದೆ ಎನ್ನುವುದು ನಮ್ಮ ಮನೆತನದ ಜಂಬ. ಹೊಡೆಯುವಾಗ ನಾನು ಎದೆ ಉಬ್ಬಿಸಿ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ, ಮಂಗಳಾರತಿಗೆ ನಿಂತವನ ಹಾಗೆ.

ನನ್ನ ಹೆಂಡತಿ ವಿಶಾಲಾಕ್ಷಿ ಕರಟದ ಮನೆಯವಳು. ಅವಳ ಅವ್ವ ಎರಡು ತೆಂಗಿನ ಕರಟ ಹಿಡಿದು ಟಕಟಕ ತಟ್ಟುತ್ತಿದ್ದರು, ಅದೇ ಅವರ ಸದ್ದು. ಮದುವೆಯಾದ ಹೊಸತರಲ್ಲಿ ಅದನ್ನಿಟ್ಟುಕೊಂಡು ನಾನು ಅವಳನ್ನು ಗೋಳುಹೊಯ್ದುಕೊಳ್ಳುತ್ತಿದ್ದೆ. "ಕರಟದಿಂದ ಜಾಗಟೆಗೆ ಬಡ್ತಿ ಸಿಕ್ಕಿದೆ ನಿಂಗೆ" ಅಂದರೆ, "ಹೌದು, ಬರೋವಾಗ ಕಿವಿಗೆ ಹತ್ತಿ ತರೋದು ಮರ್ತೆ" ಅನ್ನುವಳು. ಹೊಸ ಸೊಸೆ ಸಂಜೆಯಾದರೆ ತವರಿನ ಸದ್ದಿನ ಕಡೆಗೇ ಹೆಜ್ಜೆ ಹಾಕುವುದು ನಮ್ಮೂರಲ್ಲಿ ಸಾಮಾನ್ಯ, ಅದಕ್ಕೆ ಯಾರೂ ಬೈಯುವುದಿಲ್ಲ. ಅವಳ ಕಿವಿ ಗಂಡನ ಮನೆಯ ಸದ್ದಿಗೆ ತಿರುಗುವವರೆಗೆ ತವರಿನವರು ತಮ್ಮ ಸದ್ದನ್ನು ನಿಲ್ಲಿಸಿ, ಬಿಸಿಲು ಇಳಿಯುವ ಮೊದಲೇ ಎಲ್ಲರೂ ಮನೆ ಸೇರಿಕೊಳ್ಳಬೇಕು. ಹೆಣ್ಣು ಹೆತ್ತವರ ಪಾಲಿಗೆ ಅದೊಂದು ವ್ರತ. ವಿಶಾಲುವಿನ ಕಿವಿ ತಿರುಗಲು ಬಹಳ ಕಾಲ ಹಿಡಿಯಿತು. ಅಷ್ಟು ದಿನವೂ ನಮ್ಮತ್ತೆ ಕರಟಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಸಂಜೆ ಹೊತ್ತು ಬಾಗಿಲಲ್ಲಿ ಸುಮ್ಮನೆ ನಿಲ್ಲುತ್ತಿದ್ದರಂತೆ. ಕೊನೆಗೊಂದು ಸಂಜೆ ಇವಳು ನೆಟ್ಟಗೆ ನನ್ನ ಜಾಗಟೆಗೆ ನಡೆದು ಬಂದಾಗ ನಮ್ಮಮ್ಮ ಹೋಳಿಗೆ ಮಾಡಿ ಅವತ್ತಿನ ಬೀದಿಗೆಲ್ಲ ಹಂಚಿದಳು. ಅತ್ತೆ ತೀರಿಕೊಂಡ ಮೇಲೆ ಕರಟದ ಮನೆ ಮುಚ್ಚಿತು. ಮುಚ್ಚಿದ ಮನೆಯ ಸದ್ದನ್ನು ಇನ್ನೊಬ್ಬರು ಮಾಡಬಾರದು. ಮಾಡಿದವನನ್ನು ಸದ್ದುಗಳ್ಳ ಅನ್ನುತ್ತಾರೆ, ಅವನ ಮನೆಯ ನೀರನ್ನೂ ಯಾರೂ ಮುಟ್ಟುವುದಿಲ್ಲ.

ವಿಶಾಲು ಸೀರೆಗೆ ಕುಚ್ಚು ಕಟ್ಟುವವಳು. ಬೆಳಿಗ್ಗೆ ಮನೆಮನೆಗೆ ಹೋಗಿ ಕಟ್ಟಿದ ಸೀರೆ ಕೊಟ್ಟು, ಹೊಸದು ಇಸಿದುಕೊಂಡು, ಯಾರದಾದರೂ ಜಗಲಿಯ ಮೇಲೆ ಕೂತು ಕಟ್ಟುತ್ತಾ ಹರಟುತ್ತಾ ಸಂಜೆಗೆ ಮನೆಗೆ ಬರುವಳು. ಕೆಲವು ವರ್ಷಗಳ ಹಿಂದೆ ಅವಳ ಎಡ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಪರವೂರಿನ ಆಸ್ಪತ್ರೆಯಲ್ಲಿ ಆ ಮೊಲೆಯನ್ನು ತೆಗೆದರು, ಔಷಧಿ ಏರಿಸಿದರು, ಕೂದಲು ಉದುರಿ ಮತ್ತೆ ಗುಂಗುರಾಗಿ ಬಂತು. "ನೋಡ್ರೀ, ಪಾರ್ಲರಿಗೆ ಹೋಗದೇನೇ ಗುಂಗುರಾಯ್ತು" ಎಂದು ಕನ್ನಡಿಯ ಮುಂದೆ ನಿಂತು ನಕ್ಕಳು. ಎಲ್ಲ ಮುಗಿಯಿತು ಅಂದುಕೊಂಡೆವು. ಕ್ಯಾನ್ಸರ್ ಎಂಬ ಮಾತನ್ನು ಮನೆಯಲ್ಲಿ ಆಡುವುದನ್ನೇ ಬಿಟ್ಟೆವು.

ಆಮೇಲೆ ಅವಳು ಸಂಜೆ ತಡವಾಗಿ ಬರತೊಡಗಿದಳು. ಬೇರೆ ಊರಾಗಿದ್ದರೆ, ಮನೆಯ ದಾರಿ ತಪ್ಪಿ ತಿರುಗುವ ಹೆಂಗಸನ್ನು ಕಂಡು ಯಾರಾದರೂ ಗಾಬರಿ ಬೀಳುತ್ತಿದ್ದರು. ನಮ್ಮೂರಲ್ಲಿ ದಾರಿ ತಪ್ಪುವುದನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? "ನಮ್ಮ ಬೀದಿ ಇವತ್ತು ಬಹಳ ದೂರ ಸರಿದಿತ್ತು ಕಣ್ರೀ" ಅನ್ನುವಳು. "ಬೀದಿ ಸರಿದಿರಲಿಲ್ಲ, ನಿನ್ನ ಹರಟೆ ಜಾಸ್ತಿಯಾಯ್ತು" ಎಂದು ನಾನು ರೇಗುವೆ. ಬೆಳಿಗ್ಗೆ ಏಳುತ್ತಲೇ ತಲೆನೋವು ಅಂದಳು, ಕನ್ನಡಕ ಬದಲಾಯಿಸಬೇಕು ಅಂದೆ. ಎಡಗೈಯಿಂದ ಸೂಜಿ ಜಾರುತ್ತಿದೆ ಅಂದಳು, ವಯಸ್ಸಾಯ್ತು ಅಂದೆ. ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದಳು, ಗಮನ ಎಲ್ಲಿದೆ ಅಂದೆ. ಪ್ರತಿಯೊಂದಕ್ಕೂ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು.

ಒಂದು ಸಂಜೆ ನಾನು ಜಾಗಟೆ ಹೊಡೆಯುತ್ತಿದ್ದಾಗ ಜುಲೇಖಾಬಿ ಅವಳ ಕೈ ಹಿಡಿದುಕೊಂಡು ಬಂದಳು. ಅವತ್ತು ಜುಲೇಖಾಬಿಯ ಮನೆ ನಮ್ಮ ಪಕ್ಕಕ್ಕೇ ಬಂದಿತ್ತು. "ಸಿದ್ದಲಿಂಗಣ್ಣ, ವಿಶಾಲಕ್ಕ ಇಲ್ಲೇ ನಿಮ್ಮ ಗೋಡೆ ಪಕ್ಕ ನಿಂತಿದ್ಲು. ಇದು ಯಾರ ಮನೆ ಸದ್ದಮ್ಮಾ, ಕಿವಿ ಹರಿದು ಹೋಗ್ತಿದೆ ಅಂತ ನನ್ನ ಕೇಳಿದ್ಲು" ಅಂದಳು. ನಾನು ಜೋರಾಗಿ ನಕ್ಕೆ. ನನ್ನನ್ನು ಆಡಿಕೊಳ್ಳಲು ವಿಶಾಲುವಿಗೆ ನೆಪ ಬೇಕಿರಲಿಲ್ಲ. ಜುಲೇಖಾಬಿ ಮಾತ್ರ ನಗಲಿಲ್ಲ.

"ನಗಬೇಡಿ ಅಣ್ಣ" ಅಂದಳು. "ಅವಳು ತಮಾಷೆಗೆ ಕೇಳಿಲ್ಲ."

ಮಾರನೆಯ ದಿನವೇ ಪರವೂರಿನ ಆಸ್ಪತ್ರೆಗೆ ಹೋದೆವು. ಆ ಊರಿನ ಬೀದಿಗಳು ಇದ್ದಲ್ಲೇ ಇರುತ್ತವೆ. ಬೆಳಿಗ್ಗೆ ಕಾಫಿ ಕುಡಿದ ಹೋಟೆಲು ಸಂಜೆಯೂ ಅಲ್ಲೇ ಇದ್ದದ್ದು ನೋಡಿ ನನಗೆ ಒಂಥರಾ ಕಸಿವಿಸಿ. ಹಿಂದೆ ಇವಳನ್ನು ನೋಡಿದ್ದ ಡಾಕ್ಟರ್ ಉಮಾಮಣಿಯವರೇ ತಲೆಯ ಸ್ಕ್ಯಾನ್ ಮಾಡಿಸಿ, ಅದನ್ನು ಬೆಳಕಿಗೆ ಹಿಡಿದು, ಬೆಳ್ಳಗೆ ಕಾಣುವ ಮಚ್ಚೆಗಳನ್ನು ತೋರಿಸಿದರು. ಹಳೆಯ ಕಾಯಿಲೆಯೇ ಇದು, ರಕ್ತದ ಜೊತೆ ಹೋಗಿ ಮೆದುಳಿನಲ್ಲಿ ನೆಲೆ ಮಾಡಿಕೊಂಡಿದೆ ಅಂದರು. "ಒಂದೇ ಕಡೆ ಇದ್ದಿದ್ರೆ ಆಪರೇಷನ್ ಯೋಚನೆ ಮಾಡಬಹುದಿತ್ತು. ಇದು ಹಲವು ಕಡೆ ಇದೆ. ತಲೆಗೆ ಕರೆಂಟು, ಅಂದ್ರೆ ರೇಡಿಯೇಷನ್, ಕೊಡೋಣ, ಊತ ಇಳಿಯೋದಕ್ಕೆ ಮಾತ್ರೆ ಕೊಡ್ತೀನಿ. ಸ್ವಲ್ಪ ಕಾಲ ಚೆನ್ನಾಗಿರ್ತಾರೆ."

"ಸ್ವಲ್ಪ ಕಾಲ ಅಂದ್ರೆ?" ಎಂದು ಕೇಳಿದೆ.

"ತಿಂಗಳ ಲೆಕ್ಕದಲ್ಲಿ ಹೇಳಬಹುದು, ವರ್ಷದ ಲೆಕ್ಕದಲ್ಲಿ ಹೇಳಕ್ಕಾಗಲ್ಲ" ಅಂದರು ಆಕೆ. ಅದನ್ನು ಹೇಳುವಾಗ ವಿಶಾಲುವಿನ ಕೈಯನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡಿದ್ದರು.

ವಿಶಾಲು ಎಲ್ಲವನ್ನೂ ಕೇಳಿಸಿಕೊಂಡು, "ಡಾಕ್ಟ್ರೇ, ನಾನು ಇವರನ್ನ ಮರೀತೀನಾ?" ಅಂದಳು. "ಹೇಳೋದು ಕಷ್ಟ ಅಮ್ಮ" ಅಂದರು. "ಮರೆಯೋ ಹಾಗಿದ್ರೆ ಇವರಿಗೆ ಮೊದಲೇ ಹೇಳಿಬಿಡಿ. ಇಲ್ಲಾಂದ್ರೆ ಬೇಕಂತ್ಲೇ ಮಾಡ್ತಿದಾಳೆ ಅಂತ ರೇಗಾಡ್ತಾರೆ." ಡಾಕ್ಟರಿಗೆ ನಗುವುದೋ ಬಿಡುವುದೋ ತಿಳಿಯಲಿಲ್ಲ. ನನಗಂತೂ ಆ ಕೋಣೆಯಿಂದ ಎದ್ದು ಓಡಿಹೋಗಬೇಕು ಅನ್ನಿಸಿತು.

ಕರೆಂಟು ಕೊಟ್ಟದ್ದು, ಮಾತ್ರೆ ತಿಂದದ್ದು ಎರಡೂ ಸೇರಿ ಅವಳು ಮತ್ತೆ ಅವಳಾದಳು. ಗುಂಗುರು ಕೂದಲೆಲ್ಲ ಹೋಯಿತು, ಅದರ ಬದಲು ವಿಪರೀತ ಹಸಿವು ಬಂತು. ಹೊತ್ತಲ್ಲದ ಹೊತ್ತಲ್ಲಿ ಉಪ್ಪಿಟ್ಟು ಮಾಡಿಸಿಕೊಂಡು ತಿನ್ನುವಳು, ಗಿರಣಿಗೆ ಬಂದವರಿಗೂ ತಿನ್ನಿಸುವಳು. ನಮ್ಮ ಮಗಳು ಹೇಮಿ ಗಂಡನ ಮನೆಯಿಂದ ಬಂದು ನಮ್ಮ ಜೊತೆ ಇದ್ದಳು. ಬರುವಾಗ ಒಂದು ಹತ್ತಿಯ ಹಗ್ಗವನ್ನೂ ತಂದಿದ್ದಳು. ನಮ್ಮೂರಲ್ಲಿ ನಡೆಯಲು ಕಲಿಯುವ ಕೂಸುಗಳನ್ನೂ ಅರಳುಮರಳಾದ ಮುದುಕರನ್ನೂ ಸೊಂಟಕ್ಕೆ ಹಗ್ಗ ಹಾಕಿ ಬಾಗಿಲ ಕಂಬಕ್ಕೆ ಕಟ್ಟುತ್ತಾರೆ, ಕಳೆದುಹೋಗದಿರಲಿ ಎಂದು. ಹೇಮಿಗೆ ತಾಯಿಯ ಮೇಲೆ ಪ್ರಾಣ, ಅದಕ್ಕೇ ತಂದಿದ್ದಳು. ಅದು ವಿಶಾಲುವಿನ ಕಣ್ಣಿಗೆ ಬಿತ್ತು.

"ರೀ, ನನ್ನ ಕಟ್ಟಬೇಡಿ" ಅಂದಳು ನನಗೆ. ಆಗ ಅವಳ ತಲೆ ತಿಳಿಯಾಗಿತ್ತು, ಕಣ್ಣೂ ತಿಳಿಯಾಗಿತ್ತು. "ಏನು ಬೇಕಾದ್ರೂ ಆಗಲಿ, ನನ್ನ ಕಾಲ ಮೇಲೆ ನಾನು ಮನೆಗೆ ಬರ್ತೀನಿ. ಹಸು ಕಟ್ಟಿದ ಹಾಗೆ ಕಟ್ಟಬೇಡಿ."

"ಇಲ್ಲ, ಕಟ್ಟಲ್ಲ" ಅಂದೆ.

"ಆಣೆ?"

"ನಿನ್ನಾಣೆ."

"ನನ್ನ ಆಣೆ ಇನ್ನೆಷ್ಟು ದಿನಕ್ಕೆ ಬರುತ್ತೆ! ನಿಮ್ಮ ಜಾಗಟೆ ಆಣೆ ಮಾಡಿ" ಅಂದಳು. ಜಾಗಟೆ ಮುಟ್ಟಿ ಆಣೆ ಮಾಡಿದೆ.

ಮಾತ್ರೆಯ ಗುಣ ಕೆಲವು ತಿಂಗಳಿಗೆ ಸೋತಿತು. ಎಡಗಾಲು ಎಳೆಯತೊಡಗಿತು. ಲೋಟಕ್ಕೆ ಬಾಚಣಿಗೆ ಅನ್ನುವಳು, ಬಾಚಣಿಗೆಗೆ ಹೆಸರೇ ಸಿಗದೆ ಕೈಯಲ್ಲಿ ಹಿಡಿದು ಅಳುವಳು. ಆದರೂ ಬೆಳಿಗ್ಗೆ ಒಂದು ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೇ ಬಿಡುವಳು. ಎಲ್ಲೋ ಹತ್ತಿರದ ಜಗಲಿಯಲ್ಲಿ ಕೂರಿಸಿಕೊಂಡು ಜನ ಮಾತಾಡಿಸುತ್ತಿದ್ದರು. ತೊಂದರೆಯೆಲ್ಲ ಸಂಜೆಯದು. ಜಾಗಟೆ ಕೇಳಿದರೆ ಸಾಕು, ಅವಳು ಅದಕ್ಕೆ ಬೆನ್ನು ಹಾಕಿ ನಡೆಯುತ್ತಿದ್ದಳು. ನಾನು ಇನ್ನೂ ಜೋರಾಗಿ ಹೊಡೆದರೆ ಇನ್ನೂ ದೂರ ಹೋಗುತ್ತಿದ್ದಳು. ಒಂದು ದಿನ ಸಂಜೆಗೆ ಬರಲೇ ಇಲ್ಲ, ಮಾರನೆಯ ಬೆಳಿಗ್ಗೆ ಕ್ಷೌರದಂಗಡಿಯವರು ಕರೆತಂದರು. ಮೊಣಕಾಲು ತರಚಿ ರಕ್ತ ಬಂದಿತ್ತು. ಹೇಮಿ ಗಾಯ ತೊಳೆಯುತ್ತಾ, "ಅಪ್ಪಾ, ನಾಳೆಯಿಂದ ಹಗ್ಗ ಕಟ್ತೀನಿ. ನಿಮ್ಮ ಆಣೆ ನೀವೇ ಇಟ್ಕೊಳ್ಳಿ. ನಮ್ಮಮ್ಮ ಎಲ್ಲೋ ಚರಂಡಿಗೆ ಬಿದ್ದು ಸಾಯೋದನ್ನ ನಾನು ನೋಡಲ್ಲ" ಅಂದಳು. ಅವಳು ಹೇಳುವುದರಲ್ಲಿ ತಪ್ಪೇನಿತ್ತು?

ಆ ಬೆಳಿಗ್ಗೆಯೇ ವಿಶಾಲು ಗಿರಣಿಯ ಬಾಗಿಲಿಗೆ ಬಂದು, ಕಿವಿಗೆ ಕೈ ಕೊಟ್ಟುಕೊಂಡು ಸ್ವಲ್ಪ ಹೊತ್ತು ನಿಂತು, "ಅವ್ವ ಯಾಕೆ ಕರಟ ತಟ್ತಿಲ್ಲ? ನಂಗೆ ದಾರಿ ಗೊತ್ತಾಗ್ತಿಲ್ಲ" ಅಂದಳು. ಮೋಟಾರು ಓಡುತ್ತಲೇ ಇತ್ತು, ಕಲ್ಲಿನ ಬಾಯಿಂದ ರಾಗಿ ಹಿಟ್ಟು ಸುರಿಯುತ್ತಲೇ ಇತ್ತು, ಡಬ್ಬ ತುಂಬಿ ನೆಲಕ್ಕೆ ಚೆಲ್ಲಿತು. ನಮ್ಮಮ್ಮ ಹೋಳಿಗೆ ಹಂಚಿ ಸಂಭ್ರಮಪಟ್ಟ ಆ ಕಿವಿ ಹಿಂದಕ್ಕೆ ತಿರುಗಿತ್ತು. ನಾನು ಎಷ್ಟು ಹೊಡೆದರೂ ಆ ಕಂಚು ಅವಳಿಗೆ ಈಗ ಪರರ ಮನೆಯ ಗಲಾಟೆ.

ಅಡುಗೆಮನೆಯಿಂದ ಎರಡು ಕರಟ ತಂದು, ನಾರು ಕೆರೆದು ನುಣುಪು ಮಾಡಿದೆ. ಕದ್ದು ಕಲಿಯಲು ಗಿರಣಿಗಿಂತ ಒಳ್ಳೆಯ ಜಾಗ ಇಲ್ಲ. ಮೋಟಾರು ಹಾಕಿ ಅದರ ಸದ್ದಿನಡಿ ಕರಟ ತಟ್ಟಿ ತಟ್ಟಿ ನೋಡಿದೆ. ಮೊದಲು ನಿಧಾನ, ಆಮೇಲೆ ಬಿರುಸು, ನೆನಪಿದ್ದದ್ದು ಇಷ್ಟೇ. ಅತ್ತೆಯ ಸದ್ದನ್ನು ನಾನು ಯಾವತ್ತು ಕಿವಿಗೊಟ್ಟು ಕೇಳಿದ್ದೆ? ಹೇಮಿಗೆ ವಿಷಯ ಹೇಳಿದಾಗ ಅವಳು ಹಣೆ ಚಚ್ಚಿಕೊಂಡಳು. "ಸದ್ದುಗಳ್ಳ ಅಂತಾರಪ್ಪ. ಗಿರಣಿ ಮುಚ್ಚಿಸ್ತಾರೆ." "ಮುಚ್ಚಿಸಲಿ. ಎರಡು ಸಂಜೆ ಕೊಡು ನಂಗೆ. ಆಮೇಲೆ ಹಗ್ಗ ನಾನೇ ಕಟ್ತೀನಿ" ಅಂದೆ.

ಮೊದಲ ಸಂಜೆ ಹೊಸ್ತಿಲಾಚೆ ನಿಂತು ತಟ್ಟಿದೆ. ಅವತ್ತಿನ ಪಕ್ಕದ ಮನೆ ಮುನಿವೆಂಕಟಪ್ಪ ಅನ್ನುವ ಹಿರಿಯರದು, ಜಗಲಿಯ ಮೇಲೇ ಕೂತಿದ್ದರು. ಅವರು ತಲೆ ಎತ್ತಿ ನನ್ನ ಕೈ ನೋಡಿದರು, ಮುಖ ನೋಡಿದರು. "ಅದು ನಿಮ್ಮದಲ್ಲವಲ್ಲ" ಅಂದರು. "ಅಲ್ಲ" ಅಂದೆ, ತಟ್ಟುವುದನ್ನು ಮಾತ್ರ ಬಿಡಲಿಲ್ಲ. ಅವರು ಎದ್ದು ಒಳಗೆ ಹೋದರು. ಈಗ ಊರು ಸೇರಿಸುತ್ತಾರೆ ಅಂದುಕೊಂಡೆ. ಹೋದ ಹಾಗೇ ತಲೆಗೆ ಮಫ್ಲರ್ ಸುತ್ತಿಕೊಂಡು ವಾಪಸ್ಸು ಬಂದರು. "ಗಾಳಿಗೆ ನನ್ನ ಕಿವಿ ಆಗಾಗ ಕಟ್ಟುತ್ತೆ, ಏನೂ ಕೇಳಿಸಲ್ಲ" ಎಂದು ಹೇಳಿ, ಬೇರೆ ಕಡೆ ಮುಖ ಮಾಡಿ ಕೂತರು.

ವಿಶಾಲು ಬರಲಿಲ್ಲ. ಹೇಮಿ ಹುಡುಕಿಕೊಂಡು ಹೋದಳು. ಬೀದಿಯ ತಿರುವಿನಲ್ಲಿ, ನನ್ನಿಂದ ಕೂಗಳತೆಯಲ್ಲಿ, ಕಲ್ಲಿನ ಮೇಲೆ ಕೂತಿದ್ದಳಂತೆ. ಮುಖದ ತುಂಬ ಅಸಮಾಧಾನ ಹೊತ್ತು ಬಂದಳು. "ಯಾರೋ ಅವ್ವನ ಹಾಗೆ ತಟ್ತಿದಾರೆ. ಅವ್ವ ಅಲ್ಲ" ಅಂದಳು.

"ಹೇಗೆ ಗೊತ್ತಾಯ್ತು ನಿಂಗೆ?" ಎಂದು ಕೇಳಿದೆ.

"ಅವ್ವ ಮಧ್ಯ ಒಂದ್ಸಲ ನಿಲ್ಲಿಸ್ತಾಳೆ. ನಾನು ಬರ್ತಿದೀನಾ ಅಂತ ನೋಡ್ತಾಳೆ. ಆಮೇಲೆ ಮತ್ತೆ ತಟ್ತಾಳೆ. ಈ ಮನುಷ್ಯ ಯಾರೋ ಸುಮ್ಮನೆ ಹೊಡ್ಕೊಂಡೇ ಹೋಗ್ತಾನೆ, ನೋಡೋದೇ ಇಲ್ಲ."

ಅಷ್ಟು ಉದ್ದದ ಮಾತನ್ನು ಅವಳು ಆಡಿ ಎಷ್ಟೋ ದಿನಗಳಾಗಿದ್ದವು. ಕೈಕಾಲು ತೊಳೆಸಿ ಅವಳನ್ನು ಮಲಗಿಸಿದೆ.

ಎರಡನೆಯ ಸಂಜೆ ನಮ್ಮ ಮನೆ ಒಂದು ಉದ್ದನೆಯ ನೇರ ಬೀದಿಯ ಕೊನೆಗೆ ಬಂದು ನಿಂತಿತ್ತು. ಹೇಮಿ ಒಳಗೆ ದೀಪ ಹಚ್ಚಿದಳು. ನಾನು ಕರಟ ತಟ್ಟಿದೆ, ಮೊದಲು ನಿಧಾನವಾಗಿ, ಆಮೇಲೆ ಬಿರುಸಾಗಿ. ಮಧ್ಯದಲ್ಲಿ ನಿಲ್ಲಿಸಿದೆ. ಹಣೆಗೆ ಕೈ ಅಡ್ಡ ಹಿಡಿದು ಬೀದಿಯುದ್ದಕ್ಕೂ ನೋಡಿದೆ. ಯಾರಿಗೋ ಕಾದು ನಿಂತವನು ನೋಡುವ ಹಾಗೆ ನೋಡಿದೆ. ಮತ್ತೆ ತಟ್ಟಿದೆ, ಮತ್ತೆ ನಿಲ್ಲಿಸಿ ನೋಡಿದೆ. ಜನ ಬಂದರು, ಹೋದರು, ಕೆಲವರು ನಿಂತು ಪಿಸುಗುಟ್ಟಿದರು. ಜುಲೇಖಾಬಿ ದೂರದಲ್ಲಿ ತನ್ನ ಸೈಕಲ್ ಗಂಟೆ ಬಾರಿಸುವುದನ್ನು ಬಿಟ್ಟು ನಿಂತದ್ದು ಕಾಣಿಸಿತು. ಮತ್ತೊಮ್ಮೆ ಕೈ ಅಡ್ಡ ಹಿಡಿದಾಗ, ಗೋಡೆ ಹಿಡಿದು ಎಡಗಾಲು ಎಳೆಯುತ್ತಾ ಬರುತ್ತಿದ್ದಳು ನನ್ನ ವಿಶಾಲು. ಕಂಕುಳಲ್ಲಿ ಸೀರೆ. ಮುಖದಲ್ಲಿ ಎಂಥ ಸಡಗರ! ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಜಾಗಟೆಗೆ ಅವಳು ಆ ಮುಖ ಹೊತ್ತು ಬಂದದ್ದಿಲ್ಲ. ನನಗೆ ಹೊಟ್ಟೆಕಿಚ್ಚೂ ಆಯಿತು, ಅಳುವೂ ಬಂತು. ಓಡಿಹೋಗಿ ಹಿಡಿದುಕೊಳ್ಳಬೇಕು ಅನ್ನಿಸಿದರೂ, ಸದ್ದು ನಿಂತರೆ ಅವಳೂ ನಿಂತುಬಿಟ್ಟಾಳು ಎಂದು ಅಳುತ್ತಲೇ ತಟ್ಟಿದೆ.

ಅವಳು ಬಂದು ಹೊಸ್ತಿಲ ಬಳಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಗುರುತು ಹತ್ತಲಿಲ್ಲ. "ಅವ್ವ ಎಲ್ಲಿ?" ಅಂದಳು.

"ಕೈ ನೋಯ್ತಿದೆ ಅಂತ ಅವರ ಬದಲು ನನ್ನ ನಿಲ್ಲಿಸಿದಾರೆ" ಅಂದೆ.

"ಚೆನ್ನಾಗಿ ತಟ್ತೀರಿ" ಅಂದು ಒಳಗೆ ಹೋದಳು. ಹಿಂದೆ ನಿಂತಿದ್ದ ಜನರಲ್ಲಿ ಒಬ್ಬರೂ ಸದ್ದುಗಳ್ಳ ಅನ್ನಲಿಲ್ಲ. ಜುಲೇಖಾಬಿ ಸೆರಗಿನಿಂದ ಕಣ್ಣೊರೆಸಿಕೊಂಡು, "ನಾಳೆ ಜೋಳ ಕಳಿಸ್ತೀನಿ ಅಣ್ಣ, ಸಣ್ಣಗೆ ಬೀಸಿಡಿ" ಎಂದು ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿ ಹೋದಳು.

ಹೇಮಿ ಗೋಡೆಗೆ ದಿಂಬು ಕೊಟ್ಟು ಅವಳನ್ನು ಕೂರಿಸಿ, ಬಿಸಿ ಅನ್ನಕ್ಕೆ ಸಾರು ಕಲಸಿ ಕೊಟ್ಟಳು. ವಿಶಾಲು ಬಲಗೈಯಲ್ಲಿ ತಾನೇ ಉಂಡಳು. ತುಂಬ ದಿನಗಳ ನಂತರ ಅವಳ ಮೈ ಸಡಿಲವಾಗಿತ್ತು, ಯಾರದೋ ಮನೆಯಲ್ಲಿದ್ದೇನೆ ಎಂಬ ಅಂಜಿಕೆ ಇರಲಿಲ್ಲ. ಅರ್ಧ ಊಟದಲ್ಲಿ ಏನೋ ನೆನಪಾಗಿ ತುತ್ತು ಕೆಳಗಿಟ್ಟಳು. ಬಾಗಿಲ ಬಳಿ ನಿಂತಿದ್ದ ನನ್ನನ್ನು ಕರೆದಳು.

"ನೋಡಿ, ಒಂದು ಉಪಕಾರ ಮಾಡ್ತೀರಾ? ನಮ್ಮನೆಯವರು ಅಲ್ಲಿ ಜಾಗಟೆ ಹೊಡೀತಾ ನಿಂತಿರ್ತಾರೆ. ನಾನು ಬರೋವರೆಗೂ ಬಿಡೋ ಪೈಕಿ ಅಲ್ಲ ಆ ಮನುಷ್ಯ, ರಟ್ಟೆ ಬಿದ್ದುಹೋದ್ರೂ. ನಾನು ಅವ್ವನ ಮನೇಲಿದೀನಿ, ಕಾಯಬೇಡಿ ಅಂತ ಹೇಳಿ ಬನ್ನಿ."

"ಹೇಳ್ತೀನಿ" ಅಂದು ಹೊರಗೆ ಬಂದೆ. ಗಿರಣಿಯ ಗೋಡೆಗೆ ಹಣೆ ಕೊಟ್ಟು ನಿಂತೆ. ಎದೆಯೊಳಗಿನದೆಲ್ಲ ಒಮ್ಮೆಗೇ ಬಂತು, ತಡೆಯಲು ಹೋಗಲಿಲ್ಲ. ಮುಖ ತೊಳೆದುಕೊಂಡು ಒಳಗೆ ಹೋದಾಗ ಅವಳು ತುತ್ತು ಮುಟ್ಟದೆ ಕಾಯುತ್ತಿದ್ದಳು.

"ಹೇಳಿ ಬಂದೆ. ಎಷ್ಟು ದಿನ ಬೇಕಾದ್ರೂ ಆರಾಮಾಗಿ ಇರಲಿ ಅಂದ್ರು" ಅಂದೆ.

ಅವಳು ಹುಬ್ಬು ಗಂಟಿಕ್ಕಿದಳು. "ಅಷ್ಟು ಸಲೀಸಾಗಿ ಒಪ್ಪಿದ್ರಾ? ಹಾಗಾದ್ರೆ ನೀವು ಬೇರೆ ಯಾರಿಗೋ ಹೇಳಿ ಬಂದಿದೀರಿ."

ಹೇಮಿ ಬಾಯಿಗೆ ಸೆರಗು ಒತ್ತಿಕೊಂಡು ಒಲೆಯ ಕಡೆ ತಿರುಗಿದಳು. ನಾನು ವಿಶಾಲುವಿನ ಎದುರಿಗೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತೆ. "ಇಲ್ಲ, ಮೊದಲು ರೇಗಿದ್ರು. ಹೇಳದೆ ಕೇಳದೆ ತವರಿಗೆ ಹೋಗೋದಾ ಅಂದ್ರು. ನಂಗೆ ಸಾರು ಯಾರು ಮಾಡಿಕ್ತಾರೆ ಅಂದ್ರು."

"ಹಾಂ" ಅಂದಳು, ಮುಖ ಸ್ವಲ್ಪ ಅರಳಿತು. "ಆಮೇಲೆ?"

"ಆಮೇಲೆ ಅತ್ರು."

ಅವಳು ನನ್ನ ಮುಖವನ್ನೇ ನೋಡಿದಳು. ಅವಳ ಕಣ್ಣು ನನ್ನ ಮೇಲೆ ಅಷ್ಟು ಹೊತ್ತು ನಿಂತದ್ದು ಜಾಗಟೆಯ ಆಣೆ ಮಾಡಿಸಿಕೊಂಡ ದಿನದಿಂದೀಚೆಗೆ ಇರಲಿಲ್ಲ. "ಅವರೇ. ಅವರೇ ನಮ್ಮನೆಯವರು" ಅಂದಳು. "ಅವರು ಎಲ್ಲರ ಎದುರಿಗೂ ಅಳೋರಲ್ಲ. ನಿಮ್ಮೆದುರು ಅತ್ರು ಅಂದ್ರೆ ನೀವು ತುಂಬ ಒಳ್ಳೆಯವರಿರಬೇಕು. ಕೂತ್ಕೊಳ್ಳಿ, ಊಟ ಮಾಡ್ಕೊಂಡೇ ಹೋಗಿ." ಒಲೆಯ ಕಡೆ ತಿರುಗಿ, "ಅಮ್ಮಯ್ಯಾ, ಇವರಿಗೂ ಒಂದು ತಟ್ಟೆ ಹಾಕು" ಎಂದಳು.

ಹೇಮಿ ನನಗೂ ಒಂದು ತಟ್ಟೆ ತಂದಿಟ್ಟಳು.